ಪ್ಲೇಟು 2217ರ ಮುಚ್ಚದ ಉಂಗುರ

ನನಗೆ ಜನರ ದನಿ ಬೇಗ ಹತ್ತುತ್ತದೆ, ಮಾತು ಹತ್ತುವುದಿಲ್ಲ. ಬಾಂದುಂಗ್‌ನ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟರು ಗುರುತ್ವದ ಬಗ್ಗೆ ಏನು ಹೇಳಿದರು ಎಂದು ಕೇಳಿದರೆ ಇವತ್ತಿಗೂ ತಡವರಿಸುತ್ತೇನೆ. ಹೇಗೆ ಹೇಳಿದರು ಎಂದು ಕೇಳಿ, ಮೂಗಿನಿಂದ ಹೊರಡುವ ಆ ರಾಗ, ವಾಕ್ಯದ ನಡುವೆ ಕನ್ನಡಕ ಒರೆಸಲು ಬಿಡುವ ಆ ಅಂತರ, ಎಲ್ಲ ಒಪ್ಪಿಸುತ್ತೇನೆ. ಗುರುತ್ವ ಬಿಟ್ಟು ಗುರುವನ್ನು ಕಲಿತವನು ನಾನು. ಹಾಗೆ ಕಲಿತವನಿಗೆ ಸಿಗಬೇಕಾದ ಕೆಲಸವೇ ಸಿಕ್ಕಿತು: ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ಗಾಜು ಒರೆಸುವುದು.

ಕಿಟಕಿಯ ಗಾಜಲ್ಲ. ಕಂಪ್ಯೂಟರು ಬರುವ ಮೊದಲು ದೂರದರ್ಶಕದಿಂದ ಆಕಾಶದ ಚಿತ್ರ ತೆಗೆಯುತ್ತಿದ್ದುದು ಗಾಜಿನ ಮೇಲೆ. ಗೇಣಗಲದ ಚೌಕ ಪ್ಲೇಟು, ಒಂದು ಬದಿಗೆ ತೆಳ್ಳನೆ ಲೇಪ. ಅದರಲ್ಲಿ ಎಲ್ಲ ತಿರುಗುಮುರುಗು: ಇರುಳು ಬೆಳ್ಳಗೆ, ನಕ್ಷತ್ರಗಳು ಕರ್ರಗೆ. ಅಂಥವು ನಮ್ಮಲ್ಲಿ ಹನ್ನೊಂದು ಸಾವಿರ ಇವೆ. ಇಲ್ಲಿಯ ತೇವಕ್ಕೆ ಎಲ್ಲಕ್ಕೂ ಬೂಸ್ಟು ಹಿಡಿಯುವ ಮೊದಲು ಕಂಪ್ಯೂಟರಿಗೆ ಏರಿಸಬೇಕು. ಗಾಜಿನ ಹಿಂಬದಿಯಲ್ಲಿ ಮಸಿಯ ಗುರುತುಗಳಿರುತ್ತವೆ. ಮೊದಲು ಆ ಗುರುತಿನ ಫೋಟೋ ತೆಗೆಯಬೇಕು, ಆಮೇಲೆ ಸ್ಪಿರಿಟ್ಟಿನಿಂದ ಒರೆಸಬೇಕು, ಆಮೇಲೆ ಸ್ಕ್ಯಾನ್. ಮೊದಲಿನ ಎರಡು ಕೆಲಸ ನನ್ನದು, ಮೂರನೆಯದು ತೆಹ್ ನಿನಿಂಗಳದು. ನನಗಿಂತ ಎಂಟು ವರ್ಷ ದೊಡ್ಡವಳಾದ್ದರಿಂದ ಆಕೆ ತೆಹ್, ಅಂದರೆ ಅಕ್ಕ. ಚಿಕ್ಕವಳಾಗಿದ್ದರೂ ಅಕ್ಕನೇ ಆಗಿರುತ್ತಿದ್ದಳು, ಅಂಥ ಬಾಯಿ.

ಮಸಿಯ ಗುರುತುಗಳೆಲ್ಲ ಒಬ್ಬರದೇ ಕೈ, ನಾವು ಪಾಕ್, ಅಂದರೆ ಅಪ್ಪ, ಎಂದು ಮರ್ಯಾದೆಯಿಂದ ಕರೆಯುವ ಹಿರಿಯರದು. ಪಾಕ್ ಸುಹಂದಾ ಪ್ಲೇಟು ಕೋಣೆಯಲ್ಲಿ ಮೂವತ್ತಮೂರು ವರ್ಷ ಕುಳಿತು, ಬರೀ ನಕ್ಷತ್ರವಲ್ಲದ ಪ್ರತಿ ಚುಕ್ಕೆಯ ಸುತ್ತಲೂ ಒಂದು ಉಂಗುರ ಬರೆದು, ಪಕ್ಕದಲ್ಲಿ ಅದೇನೆಂದು ಸಣ್ಣಕ್ಷರದಲ್ಲಿ ಬರೆದರು. ಹೋದ ವರ್ಷ ನಿವೃತ್ತರಾಗಿ ಗಾರುತ್‌ನಲ್ಲಿರುವ ಮಗಳ ಮನೆಗೆ ಹೋದರು. ಹೋಗುವ ಮುನ್ನ ಮೂರು ತಿಂಗಳು ನನಗೆ ಪಾಠ ಮಾಡಿದರು.

ನಮ್ಮ ಕಡೆ ಹಿರಿಯರ ಮುಂದೆ ಹಾದುಹೋಗುವಾಗ ಬಗ್ಗಿ, ಬಲಗೈ ಕೆಳಗೆ ಚಾಚಿ, “ಪುಂತೆನ್” ಎನ್ನುತ್ತೇವೆ. ತಪ್ಪು ತಿಳೀಬೇಡಿ, ದಾರಿ ಬಿಡಿ ಅಂತ. ಪಾಕ್ ಸುಹಂದಾ ಪ್ಲೇಟು ಮುಟ್ಟುವ ಮೊದಲು ಪ್ಲೇಟಿಗೂ ಪುಂತೆನ್ ಹೇಳುತ್ತಿದ್ದರು. ಅಷ್ಟೇ ಸಾಕಾಯಿತು ನನಗೆ. ಅವರು ಹೇಳುತ್ತ ಹೋದರು, ನಾನು ಅವರ ಗಂಟಲಿನ ಗೊರಗೊರ, ಪ್ರತಿ ಮಾತಿನ ಹಿಂದೆ ಬರುವ “ಹ್ಞಾಂ, ನೋಡು” ಇವನ್ನೆಲ್ಲ ಜೇಬಿಗಿಳಿಸುತ್ತ ಕುಳಿತೆ. ಗ್ರಹ, ಧೂಮಕೇತು, ನೀಹಾರಿಕೆ ಎಲ್ಲ ಕಿವಿಯ ಪಕ್ಕದಲ್ಲೇ ಹಾದು ಹೋದವು. ಗ್ರಹಗಳನ್ನು ಗ್ರಹಿಸದಿದ್ದರೆ ಗ್ರಹಚಾರ ಬರುತ್ತದೆಂದು ಆಗ ತಿಳಿದಿರಲಿಲ್ಲ.

ಉಂಗುರಗಳ ವಿಷಯ ಮಾತ್ರ ನೆನಪಿತ್ತು. ಅದೇನೆಂದು ಗೊತ್ತಾದ ವಸ್ತುವಿಗೆ ಪೂರ್ತಿ ಮುಚ್ಚಿದ ಉಂಗುರ. ಗೊತ್ತಾಗದ್ದಕ್ಕೆ ಒಂದು ಕಡೆ ಬಾಯಿ ಬಿಟ್ಟ ಉಂಗುರ.

“ಯಾಕೆ ಪಾಕ್?” ಎಂದಿದ್ದೆ.

“ಹ್ಞಾಂ, ನೋಡು. ಒಳಗೆ ಯಾರಿದಾರೆ ಅಂತ ಗೊತ್ತಾಗೋ ತನಕ ಬಾಗಿಲು ಹಾಕಬಾರದು.”

ಅವರು ಹೋದ ಮೇಲೆ ಆ ಕೋಣೆಗೆ ನಾನೊಬ್ಬನೇ. ನನ್ನ ವಾಸ, ದೂರದರ್ಶಕದ ಗೋಪುರದ ಹಿಂದಿನ ಒಂಟಿ ಕೋಣೆಯಲ್ಲಿ. ಸಂಜೆ ನಾಲ್ಕರ ಹೊತ್ತಿಗೆ ಮಂಜು ಏರಿ ಬಂದರೆ ಎದುರಿನ ಪೈನ್ ಮರವೂ ಕಾಣುವುದಿಲ್ಲ. ನಾನು ಬಲ್ಲ ಮನುಷ್ಯರೆಲ್ಲ ಆ ಕೋಣೆಯಲ್ಲಿದ್ದರು, ದನಿಗಳಾಗಿ. ಅನ್ನ ಬೇಯುವ ತನಕ ಸಂತೆಯ ತರಕಾರಿಯವಳು, ಕಾಲೇಜಿನ ಮೇಷ್ಟರು, ನಮ್ಮ ನಿರ್ದೇಶಕರು ಎಲ್ಲರೂ ನನ್ನ ಬಾಯಲ್ಲಿ ಬಂದು ಮಾತಾಡಿ ಹೋಗುತ್ತಿದ್ದರು. ಊಟಕ್ಕೆ ಕೂರುವಾಗ ಮಾತ್ರ ಒಬ್ಬನೇ.

ಹೀಗಿರುವಾಗ ಒಂದು ಗುರುವಾರ ತೆಹ್ ನಿನಿಂಗ್ ಬಿಸಿ ಬಿಸಿ ಬಾಲಾ-ಬಾಲಾ ಕಟ್ಟಿಸಿಕೊಂಡು ಬಂದಳು. ಎಲೆಕೋಸು, ಕ್ಯಾರೆಟ್ಟಿನ ಬೋಂಡ. ಒಂದು ತುತ್ತು ಬೋಂಡಕ್ಕೆ ಒಂದು ಕಚ್ಚು ಹಸಿಮೆಣಸಿನಕಾಯಿ.

“ಜಾಜಾಂಗ್, ಪಾಕ್ ಸುಹಂದಾನ ಮಾಡು. ಬೇಜಾರಾಗಿದೆ,” ಎಂದಳು.

ಮಾಡಿದೆ. ಕೈಗೆ ಸಿಕ್ಕಿದ ಪ್ಲೇಟೆತ್ತಿ ಬಗ್ಗಿ ಪುಂತೆನ್ ಎಂದೆ. ದೀಪಕ್ಕೆ ಓರೆಯಾಗಿ ಹಿಡಿದು, “ಹ್ಞಾಂ, ನೋಡು ನಿನಿಂಗ್, ಇದು ಬೋಂಡವೋ ಬ್ರಹ್ಮಾಂಡವೋ” ಎಂದೆ. ಅವಳು ನಕ್ಕು ನೆತ್ತಿಗೆ ಹತ್ತಿಸಿಕೊಂಡು ಕೆಮ್ಮಿದಳು. ಕೇಳುವವರು ಸಿಕ್ಕ ಖುಷಿಯಲ್ಲಿ ನಾನು ಆಟ ನಿಲ್ಲಿಸಲಿಲ್ಲ. ಅವರಂತೆಯೇ ನಾಲ್ಕು ಬೆರಳಲ್ಲಿ ಹತ್ತಿಯುಂಡೆ ಹಿಡಿದು, ಅವರಂತೆಯೇ ಗೊರಗೊರ ಎನ್ನುತ್ತ, ಆ ಪ್ಲೇಟನ್ನು ಸ್ಪಿರಿಟ್ಟಿನಿಂದ ಒರೆಸಿ ಹಲಗೆಯಲ್ಲಿಟ್ಟೆ. ಫೋಟೋ ತೆಗೆದಿರಲಿಲ್ಲ. ತೆಗೆದಿಲ್ಲವೆಂಬ ನೆನಪೂ ಆಗಲಿಲ್ಲ.

ಸೋಮವಾರ ಗಾರುತ್‌ನಿಂದ ಫೋನು ಬಂತು.

“ಜಾಂಗ್, ಊಟ ಆಯ್ತಾ?”

“ಆಯ್ತು ಪಾಕ್. ನೀವು ಆರಾಮಾ?”

“ಕಣ್ಣೊಂದು ಬಿಟ್ರೆ ಆರಾಮು. ಬರೋ ಬುಧವಾರದಾಚೆ ಬುಧವಾರ ಸ್ಯುಕುರಾನ್ ಇಟ್ಕೊಂಡಿದಾರಂತೆ, ನಿರ್ದೇಶಕರು ಕರೆದಿದಾರೆ.” ಎರಡು ಸಾವಿರ ಪ್ಲೇಟು ಮುಗಿದದ್ದಕ್ಕೆ ದೇವರಿಗೆ ವಂದನೆ, ಎಲ್ಲರಿಗೂ ಊಟ, ಅದಕ್ಕೆ ಕರೆದಿದ್ದರು. “ನಂಗೆ ಊಟ ಮುಖ್ಯ ಅಲ್ಲ. ಒಂದು ಪ್ಲೇಟಿದೆ, ಎರಡು ಸಾವಿರದ ಇನ್ನೂರ ಹದಿನೇಳು. ಮೂಲೆ ಮುರಿದಿದ್ದು. ಅದರಲ್ಲಿ ಒಂದು ಉಂಗುರ ತೆರೆದೇ ಉಳಿದಿದೆ. ಮೂವತ್ತೊಂದು ವರ್ಷ ಆಯ್ತು. ಕಣ್ಣಿನ ಆಪರೇಶನ್ನು ಏನಾಗುತ್ತೋ ಏನೋ. ಅದಕ್ಕೆ ಮುಂಚೆ ಒಂದ್ಸಲ ಆ ದೊಡ್ಡ ಪರದೆ ಮೇಲೆ ತೋರಿಸ್ತೀಯಾ?”

“ಖಂಡಿತ ಪಾಕ್,” ಎಂದೆ. ನಮ್ಮಲ್ಲಿ ಇಲ್ಲ ಎನ್ನುವ ಪದ್ಧತಿಯೇ ಇಲ್ಲ.

2217 ಎಲ್ಲಿದೆಯೆಂದು ಹುಡುಕಬೇಕಾಗಲಿಲ್ಲ. ಹಲಗೆಯಲ್ಲಿ ಎಲ್ಲಕ್ಕಿಂತ ಹೊಳೆಯುತ್ತ ಕುಳಿತಿತ್ತು. ಎಡ ಮೇಲಿನ ಮೂಲೆ ಮುರಿದ ಪ್ಲೇಟು. ಗುರುವಾರ ಕೈಗೆ ಸಿಕ್ಕಿದ್ದು ಅದೇ. ಗಾಜಿನ ಮೇಲೆ ಉಸಿರುಬಿಟ್ಟು ನೋಡಿದೆ, ಮಸಿಯ ಗೆರೆಯ ನೆರಳಾದರೂ ಕಾಣಲಿ ಎಂದು. ನನ್ನ ಕೆಲಸದಲ್ಲಿ ಎಂದೂ ಇಲ್ಲದ ಅಚ್ಚುಕಟ್ಟು ಅಂದು ಇತ್ತು. ದಾಖಲೆ ಪುಸ್ತಕ ತೆಗೆದೆ. 2217ರ ಎದುರಿಗೆ ಉಂಗುರ ಎಲ್ಲಿತ್ತೆಂದು ಬರೆದಿರಲಿಲ್ಲ, ಬರೀ ಒಂದು ಅಡ್ಡಗೆರೆ.

ಮೂವತ್ತೊಂದು ವರ್ಷ ಒಬ್ಬ ಮನುಷ್ಯ ತೆರೆದಿಟ್ಟ ಬಾಗಿಲನ್ನು ನಾನು ಗೋಡೆ ಸಮೇತ ಅಳಿಸಿದ್ದೆ. ಪ್ಲೇಟಿನಲ್ಲಿ ಚುಕ್ಕೆಗಳು ನಾಲ್ಕು ಸಾವಿರಕ್ಕೆ ಕಡಿಮೆಯಿಲ್ಲ. ಅವುಗಳಲ್ಲಿ ಒಂದು ಅವರದು. ಕೈಯಲ್ಲಿದ್ದುದು ಒಂಬತ್ತು ದಿನ.

ತೆಹ್ ನಿನಿಂಗಳಿಗೆ ಹೇಳಿದೆ.

“ಫೋನ್ ಮಾಡಿ ಹೇಳಿಬಿಡು.”

“ಏನಂತ? ನಿಮ್ಮನ್ನ ಅಣಕಿಸ್ತಾ ನಿಮ್ಮ ಗುರುತು ಅಳಿಸಿದೆ ಅಂತಲಾ?”

“ಹಾಗಿದ್ರೆ ಹುಡುಕು. ನಿಂಗೆ ಹೇಳಿಕೊಟ್ಟಿದಾರಲ್ಲ ಮೂರು ತಿಂಗಳು.”

ಹೇಳಿಕೊಟ್ಟಿದ್ದರು. ಆದರೆ ಬೆಳಕಿನ ಮೇಜಿನ ಮುಂದೆ ಕುಳಿತು ಭೂತಗನ್ನಡಿ ಕಣ್ಣಿಗಿಟ್ಟರೆ ನನಗೆ ಕಂಡದ್ದು ಎಳ್ಳು ಚೆಲ್ಲಿದ ನೆಲ. ನಕ್ಷತ್ರ ಯಾವುದು, ದೂಳು ಯಾವುದು, ಒಂದೂ ತಿಳಿಯಲಿಲ್ಲ. ಪುಸ್ತಕ ತೆರೆದರೆ ಅಲ್ಲಿಯ ವಾಕ್ಯಗಳಿಗೆ ದನಿಯೇ ಇಲ್ಲ, ನನ್ನ ತಲೆಗೆ ಹೋಗುವುದಿಲ್ಲ. ಎರಡು ದಿನ ಹಾಗೇ ಹೋಯಿತು. ಮೂರನೆಯ ದಿನ ಹತಾಶೆಯಲ್ಲಿ, ಕೇಳುವವರು ಯಾರೂ ಇಲ್ಲದ ಆ ಕೋಣೆಯಲ್ಲಿ, ಬಗ್ಗಿ ಪ್ಲೇಟಿಗೆ ಪುಂತೆನ್ ಎಂದೆ. ಗಂಟಲು ಗೊರಗೊರ ಎಂದಿತು. “ಹ್ಞಾಂ, ನೋಡು” ಎಂದೆ. ಅದರ ಬೆನ್ನಿಗೇ, ನಾನು ಕೇಳಿಯೇ ಇಲ್ಲವೆಂದುಕೊಂಡಿದ್ದ ಮಾತು ಹೊರಬಂತು.

“ಹ್ಞಾಂ, ನೋಡು. ಮೊದಲು ಏನು ಅಂತ ಕೇಳಬೇಡ, ಏನಲ್ಲ ಅಂತ ಕೇಳು. ದೀಪಕ್ಕೆ ಓರೆ ಹಿಡಿ. ಮಿಂಚಿದರೆ ಅದು ಲೇಪದ ಮೇಲೆ ಕೂತ ಕಲೆ. ಆಕಾಶದಿಂದ ಬಂದಿದ್ದು ಮಿಂಚೋದಿಲ್ಲ, ಅದು ಲೇಪದ ಒಳಗಿರುತ್ತೆ.”

ದನಿಯ ಜೊತೆಗೆ ಮಾತನ್ನೂ ಜೇಬಿಗೆ ಹಾಕಿಕೊಂಡಿದ್ದೆ, ನನಗೇ ತಿಳಿಯದೆ. ಅಂದಿನಿಂದ ಬೆಳಗ್ಗೆ ಎಂಟರಿಂದ ಮಂಜು ಏರುವ ತನಕ ಪಾಕ್ ಸುಹಂದಾ ಆಗಿ ಕುಳಿತೆ. ಅವರು ಹೇಳಿದರು, ನಾನು ನೋಡಿದೆ. ನಕ್ಷತ್ರ ಅಂದರೆ ದುಂಡಗೆ, ಅಂಚು ಗಟ್ಟಿ; ಪ್ರಕಾಶ ಹೆಚ್ಚಿದಷ್ಟೂ ದೊಡ್ಡದು. ದೂರದ ನಕ್ಷತ್ರಲೋಕ ಅಂದರೆ ಎಲ್ಲಿ ಮುಗಿಯಿತೆಂದು ಹೇಳಲಾಗದ ಮಬ್ಬು, ನಡುವೆ ಮಾತ್ರ ದಟ್ಟ. ಗುಚ್ಛ ಅಂದರೆ ಬೆಲ್ಲದ ಚೂರಿಗೆ ಮುತ್ತಿದ ಇರುವೆ. ಬೂಸ್ಟು ಕಾಲು ಚಾಚುತ್ತದೆ, ಜೇಡದ ಹಾಗೆ. ಕ್ಷುದ್ರಗ್ರಹ ಚಿತ್ರ ತೆಗೆಯುವಷ್ಟರಲ್ಲಿ ಜರುಗಿಬಿಡುವುದರಿಂದ ಅಕ್ಕಿಕಾಳಿನಷ್ಟು ಉದ್ದವಾಗುತ್ತದೆ. ಧೂಮಕೇತು ಮಬ್ಬಾಗಿ ಒಂದು ಬದಿಗೆ ವಾಲಿರುತ್ತದೆ, ಗಾಳಿಗೆ ಎದುರಾಗಿ ನಿಂತವಳ ಸೆರಗಿನಂತೆ.

ಕೆಲವೊಮ್ಮೆ ಮೈಮರೆತು ಪ್ರಶ್ನೆಯನ್ನೂ ನಾನೇ ಕೇಳಿ ಉತ್ತರವನ್ನೂ ಅವರಾಗಿ ಕೊಡುತ್ತಿದ್ದೆ. ಒಂದು ದಿನ ಊಟದ ಹೊತ್ತಿಗೆ ಬಾಗಿಲಲ್ಲಿ ತೆಹ್ ನಿನಿಂಗ್ ನಿಂತಿದ್ದಳು, ಕೈಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಅನ್ನ.

“ಒಳಗೆ ಎಷ್ಟು ಜನ ಇದೀರಿ? ಒಂದೇ ಪೊಟ್ಟಣ ತಂದಿದೀನಿ.”

ಛಾಪಿಸಿದ ಆಕಾಶದ ನಕಾಶೆ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಚುಕ್ಕೆ ತಾಳೆ ನೋಡಿದೆ. ಏಳನೆಯ ದಿನಕ್ಕೆ, ನಕಾಶೆಯಲ್ಲಿ ಇಲ್ಲದೆ ಪ್ಲೇಟಿನಲ್ಲಿ ಮಾತ್ರ ಇರುವ ಹನ್ನೊಂದು ಉಳಿದವು. ಓರೆ ಹಿಡಿದಾಗ ಐದು ಮಿಂಚಿದವು, ಹೋದವು. ಎರಡಕ್ಕೆ ಕಾಲಿತ್ತು, ಬೂಸ್ಟು. ಮೂರು ಅಕ್ಕಿಕಾಳು; ಆ ದಿನಾಂಕಕ್ಕೆ ಆ ಜಾಗದಲ್ಲಿ ಇರಬೇಕಾದ ಕ್ಷುದ್ರಗ್ರಹಗಳೇ ಎಂದು ಕಂಪ್ಯೂಟರು ಒಪ್ಪಿತು. ಹನ್ನೊಂದನೆಯದು ಬಲ ಕೆಳಭಾಗದಲ್ಲಿತ್ತು. ಮಬ್ಬು. ಒಂದು ಬದಿಗೆ ವಾಲಿತ್ತು. ಓರೆ ಹಿಡಿದೆ, ಮಿಂಚಲಿಲ್ಲ. ಮತ್ತೆ ಹಿಡಿದೆ. ಮಿಂಚಲಿಲ್ಲ.

ಪಾಕ್ ಸುಹಂದಾ ಕಂಡ ಧೂಮಕೇತು. ಯಾವ ಪಟ್ಟಿಯಲ್ಲೂ ಇಲ್ಲದ್ದು. ಆ ಸಂಜೆ ಅನ್ನ ಬೇಯುವಾಗ ಯಾರ ದನಿಯೂ ಬೇಕೆನಿಸಲಿಲ್ಲ. ಅವರ ಹೆಸರನ್ನು ಅದಕ್ಕೆ ಇಟ್ಟರೆ ಹೇಗಿರುತ್ತದೆಂದು ನಾಲ್ಕಾರು ಸಲ ಹೇಳಿ ನೋಡಿದೆ.

ಮರುದಿನ ತೆಹ್ ನಿನಿಂಗಳನ್ನು ಕರೆದು ತೋರಿಸಿದೆ. ಅವಳು ಭೂತಗನ್ನಡಿಯಿಂದ ತಲೆಯೆತ್ತದೆ ಹೇಳಿದಳು, “ಚೆನ್ನಾಗಿದೆ. ಆದ್ರೆ ಇದೇ ಅಂತ ಹೇಗೆ ಗೊತ್ತು? ನೀನು ಈಗ ಅವರಾಗಿಬಿಟ್ಟಿದೀಯ, ಅವರಿಗೆ ಬೇಕಾಗಿದ್ದೇ ನಿಂಗೂ ಕಾಣುತ್ತೆ. ನಿನ್ನ ಕಥೆನೇ ಅಷ್ಟು ಜಾಜಾಂಗ್. ಸ್ವಂತ ಮುಖ ಇಲ್ಲ. ಎದುರಿಗೆ ಯಾರು ನಿಂತಿರ್ತಾರೋ ಅವರ ಹಾಗೆ ಕಾಣ್ತೀಯ.”

ತಮಾಷೆಗೇ ಅಂದದ್ದು. ಅವಳು ಹೋದ ಮೇಲೆ ಆ ಮಾತು ಅಲ್ಲೇ ಕುಳಿತಿತ್ತು. ಎದುರಿಗೆ ಯಾರು ನಿಂತಿರ್ತಾರೋ. ಬೇಕೆಂದೇ ಗಂಟಲು ಸರಿಮಾಡಿಕೊಂಡೆ.

“ಹ್ಞಾಂ, ನೋಡು. ಕೊನೇದು ದೆವ್ವ. ಕಲೆ ಅಲ್ಲ, ನಿಜವಾದ ಬೆಳಕೇ. ಆದರೆ ಅದರ ಸ್ವಂತ ಬೆಳಕಲ್ಲ. ಯಾವುದೋ ದೊಡ್ಡ ನಕ್ಷತ್ರ ದೂರದರ್ಶಕದ ಒಳಗೆ ಕನ್ನಡಿ, ಗಾಜು ಅಂತ ಬಡಿದಾಡಿ ಬಂದು ಇನ್ನೊಂದು ಕಡೆ ಕೂತಿರುತ್ತೆ. ಧೂಮಕೇತು ಥರಾನೇ ವೇಷ ಹಾಕುತ್ತೆ. ಎಲ್ಲಿ ಹುಡುಕಬೇಕು ಗೊತ್ತಾ? ಅದರಿಂದ ಪ್ಲೇಟಿನ ನಡುಮಧ್ಯಕ್ಕೆ ಗೆರೆ ಎಳಿ, ಅಷ್ಟೇ ದೂರ ಆಚೆಗೆ ಹೋಗು. ಅಲ್ಲಿ ಯಜಮಾನ ಇರ್ತಾನೆ.”

ಅಳತೆಪಟ್ಟಿ ಇಟ್ಟೆ. ಬಲ ಕೆಳಗಿನಿಂದ ನಡುವಿಗೆ, ನಡುವಿನಿಂದ ಅಷ್ಟೇ ದೂರ ಆಚೆಗೆ. ಪಟ್ಟಿಯ ತುದಿ ಗಾಜಿನ ಹೊರಗೆ ಬಂತು, ಮುರಿದುಹೋದ ಮೂಲೆಯ ಗಾಳಿಯಲ್ಲಿ ನಿಂತಿತು. ಮುರಿದ ಅಂಚಿನ ಉದ್ದಕ್ಕೂ ಒಂದು ಕಪ್ಪು ಛಾಯೆಯಿತ್ತು. ಅದನ್ನು ತೇವದ ಕಲೆಯೆಂದು ನಾನೇ ಬರೆದಿಟ್ಟಿದ್ದೆ. ನಕಾಶೆಯಲ್ಲಿ ಆ ಜಾಗ ಹುಡುಕಿದೆ. ಅಗಸ್ತ್ಯ ನಕ್ಷತ್ರ. ದಕ್ಷಿಣದ ಆಕಾಶದಲ್ಲಿ ಅಷ್ಟು ದೊಡ್ಡ ಬೆಳಕು ಹತ್ತಿರದಲ್ಲಿ ಇನ್ನೊಂದಿಲ್ಲ. ಕಪ್ಪು ಛಾಯೆ ತೇವವಲ್ಲ, ಅವನ ಪ್ರಭೆ.

ಧೂಮಕೇತುವಲ್ಲ. ಎದುರಿಗಿದ್ದವನ ಅಣಕ.

ಅಗಸ್ತ್ಯನಿದ್ದ ಮೂಲೆ ಮುರಿದು ಹೋಗಿತ್ತು, ಆದ್ದರಿಂದ ಅವರಿಗೆ ಹೊಳೆದಿರಲಾರದು ಎಂದುಕೊಂಡೆ. ಮೂವತ್ತೊಂದು ವರ್ಷ ಇಟ್ಟುಕೊಂಡ ಆಸೆ, ಮುಂದಿರುವ ಆಪರೇಶನ್ನು. ನಾನು ಗಾಜು ಒರೆಸುವವನು. ಇದನ್ನು ಹೇಳಲು ನಾನು ಯಾರು?

ಮಸಿಯ ಲೇಖನಿ ತೆಗೆದುಕೊಂಡೆ. ಅವರ ಕೈಬರಹ ನನಗೆ ಬರುತ್ತದೆ, ಎರಡು ಸಾವಿರ ಪ್ಲೇಟು ನೋಡಿದ್ದೇನೆ. ಶುರುವಿನಲ್ಲಿ ದಪ್ಪ, ಕೊನೆಗೆ ತೆಳು. ಹನ್ನೊಂದನೆಯ ಚುಕ್ಕೆಯ ಸುತ್ತ ಅವರದೇ ಉಂಗುರ ಬರೆದು ಬಾಯಿ ತೆರೆದಿಟ್ಟೆ. ಅವರೇ ನೋಡಿದರೂ ಗೊತ್ತಾಗಬಾರದು, ಹಾಗಿತ್ತು.

ಬುಧವಾರ ಮಧ್ಯಾಹ್ನ ಬಂದರು. ಆಂಗ್ಕೋತ್, ನಮ್ಮ ಬಾಡಿಗೆ ವ್ಯಾನು, ಮೂರು ಕಡೆ ಬದಲಿಸಿ, ಕೊನೆಯ ಏರು ನಡೆದೇ ಬಂದಿದ್ದರು. ಇನ್ನೂ ಸಣ್ಣಗಾಗಿದ್ದರು, ಹೆಗಲಿಗೊಂದು ಬಟ್ಟೆಚೀಲ. ಅಂಗಳದಲ್ಲಿ ನಿರ್ದೇಶಕರು ಹಳದಿ ಅನ್ನದ ಗೋಪುರದ ತುದಿ ಕತ್ತರಿಸಿ ಮೊದಲ ತಟ್ಟೆ ಅವರಿಗೇ ಕೊಟ್ಟರು. ಅವರು ಎರಡು ತುತ್ತು ತಿಂದು, ತಟ್ಟೆ ಇಟ್ಟು, ಬಗ್ಗಿ ಎಲ್ಲರಿಗೂ ಪುಂತೆನ್ ಹೇಳುತ್ತ ಒಳಗೆ ಬಂದರು. ಪರದೆಯ ಕೋಣೆಯಲ್ಲಿ ನಾವು ಮೂವರೇ.

ತೆಹ್ ನಿನಿಂಗ್ ಚಿತ್ರ ಹಾಕಿದಳು. ಗೋಡೆಯಗಲ 2217. ಬಲ ಕೆಳಗೆ ಉಂಗುರ.

ಪಾಕ್ ಸುಹಂದಾ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಹಿಂದೆ ಬಂದರು. ಮತ್ತೆ ಹೋದರು.

“ಇದು ನನ್ನ ಕೈ ಅಲ್ಲ,” ಎಂದರು.

ಉಂಗುರದ ಬಾಯಿಗೆ ಬೆರಳಿಟ್ಟರು.

“ಚೆನ್ನಾಗೇ ಬರೆದಿದೀಯ. ಆದ್ರೆ ನನ್ನ ಬಾಗಿಲು ಮೇಲಕ್ಕಿತ್ತು. ಇದು ಓರೆಯಾಗಿ ಮೂಲೆ ಕಡೆ ತೆರೆದಿದೆ. ಯಾಕೆ ಆ ಕಡೆ?”

ಯಾಕೆಂದು ಬರೆಯುವಾಗ ಯೋಚಿಸಿರಲಿಲ್ಲ. ಕೈ ತಾನಾಗಿ ಹೋಗಿತ್ತು, ಯಜಮಾನ ಇರುವ ಕಡೆಗೆ.

ಎಲ್ಲ ಹೇಳಿದೆ. ಗುರುವಾರ, ಬೋಂಡ, ಸ್ಪಿರಿಟ್ಟು. ತೆಹ್ ನಿನಿಂಗ್ ನೆಲ ನೋಡುತ್ತ, “ಮಾಡು ಅಂದವಳು ನಾನೇ ಪಾಕ್,” ಎಂದಳು.

“ನನ್ನ ಥರ ಮಾಡ್ತಾನಾ ಇವನು?” ಅವರು ಕುರ್ಚಿಯಲ್ಲಿ ಕುಳಿತರು. “ಮಾಡು ನೋಡೋಣ.”

“ಬೇಡ ಪಾಕ್.”

“ಮಾಡು ಜಾಂಗ್.”

ಬಗ್ಗಿದೆ. ಪುಂತೆನ್. ಗಂಟಲಿನ ಗೊರಗೊರ. “ಹ್ಞಾಂ, ನೋಡು. ಒಳಗೆ ಯಾರಿದಾರೆ ಅಂತ ಗೊತ್ತಾಗೋ ತನಕ ಬಾಗಿಲು ಹಾಕಬಾರದು.”

ಅವರು ನಗುತ್ತಾರೆಂದು ಕಾದೆ, ಇಲ್ಲ ಬೈಯುತ್ತಾರೆಂದು. ಎರಡೂ ಆಗಲಿಲ್ಲ.

“ಹೀಗಾ ಕೇಳಿಸುತ್ತೆ ನನ್ನ ದನಿ,” ಎಂದರು ಮೆಲ್ಲಗೆ. “ಮೂವತ್ತಮೂರು ವರ್ಷ ಆ ಕೋಣೇಲಿ ಮಾತಾಡಿದ್ದೆಲ್ಲ ಗಾಜಿನ ಜೊತೆ. ಹೇಗೆ ಕೇಳಿಸುತ್ತೆ ಅಂತ ಯಾರೂ ಹೇಳಿರಲಿಲ್ಲ.” ಪರದೆಯ ಕಡೆ ಕೈ ತೋರಿಸಿ, “ಈಗ ನಿನ್ನ ದನೀಲಿ ಹೇಳು. ಅದೇನು?”

ನನ್ನ ದನಿ ಹುಡುಕಲು ಒಂದು ಗಳಿಗೆ ಬೇಕಾಯಿತು. ಸಿಕ್ಕಿದ್ದು ಸಣ್ಣದಾಗಿತ್ತು.

“ದೆವ್ವ ಪಾಕ್. ಅಗಸ್ತ್ಯನದು. ಧೂಮಕೇತು ಅಲ್ಲ.”

ಅವರು ಚೀಲದಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದರು. ಒಳಗೆ ಮೂರು ಬೆರಳಗಲದ ತ್ರಿಕೋನ ಗಾಜು. ನಡುವೆ ಉದ್ದಿನಕಾಳಿನಷ್ಟು ದಪ್ಪ ಕಪ್ಪು ಚುಕ್ಕೆ, ಸುತ್ತ ಕಪ್ಪು ಪ್ರಭೆ.

“ಅವತ್ತು ಧೂಮಕೇತು ಅಂತ ಕುಣಿದಾಡಿ ಪ್ಲೇಟು ಮೇಜಿಗೆ ತಾಗಿಸಿದೆ. ಮೂಲೆ ಹೋಯ್ತು. ದೊಡ್ಡವರು ಬೈತಾರೆ ಅಂತ ಚೂರು ಮನೆಗೊಯ್ದೆ. ಆಸೆ ಹತ್ತಿದವನಿಗೆ ಅಂಗೈಲಿರೋ ಅಗಸ್ತ್ಯನೂ ಕಾಣಲಿಲ್ಲ. ಮೂರು ವರ್ಷ ಆದ ಮೇಲೆ ಯಾವಾಗಲೋ ಕಪಾಟು ಒರೆಸ್ತಾ ಇದ್ದಾಗ ಗೊತ್ತಾಯ್ತು, ಅದು ಇವನ ದೆವ್ವ ಅಂತ.”

“ಹಾಗಿದ್ರೆ ಉಂಗುರ ಯಾಕೆ ಮುಚ್ಚಲಿಲ್ಲ?” ಕೇಳಿದ್ದು ತೆಹ್ ನಿನಿಂಗ್.

“ಮುಚ್ಚಿದ್ರೆ ಯಾರಮ್ಮ ಕೇಳ್ತಾರೆ? ತೆರೆದಿದ್ರೆ ಯಾರಾದ್ರೂ ಬಂದು, ಇದ್ಯಾಕೆ ಪಾಕ್ ಹೀಗಿದೆ ಅಂತಾರೆ, ಕೂತ್ಕೋ ಅಂತ ಹೇಳಿ ತೋರಿಸ್ಬೋದು ಅಂದ್ಕೊಂಡೆ. ಎಷ್ಟೋ ಜನ ಬಂದ್ರು ಹೋದ್ರು. ಪ್ಲೇಟು ತಗೊಂಡ್ರು, ಅಳತೆ ಮಾಡಿದ್ರು, ವಾಪಸ್ ಇಟ್ರು. ಒಬ್ರೂ ಕೇಳ್ಲಿಲ್ಲ.” ಅವರು ನನ್ನ ಕಡೆ ತಿರುಗಿದರು. “ನೀನೂ ಕೇಳ್ಲಿಲ್ಲ. ಅಳಿಸೇ ಬಿಟ್ಟೆ. ಹೋಗಲಿ, ಹುಡುಕ್ಕೊಂಡಾದ್ರೂ ಹೋದೆಯಲ್ಲ.”

ಅವರು ಪ್ಲೇಟು ತರಿಸಿದರು. ಚೂರನ್ನು ಅದರ ಮೂಲೆಗೆ ಇಟ್ಟರು. ಮೂವತ್ತೊಂದು ವರ್ಷದ ಮೇಲೂ ಸರಿಯಾಗಿ ಕುಳಿತಿತು. ಲೇಖನಿಯನ್ನು ನನ್ನ ಕೈಗೆ ಕೊಟ್ಟರು. ಉಂಗುರದ ಬಾಯಿ ಮುಚ್ಚಿ, ಪಕ್ಕದಲ್ಲಿ ‘ದೆವ್ವ’ ಎಂದು ಬರೆದೆ. ನನ್ನ ಅಕ್ಷರ ಓರೆಕೋರೆ. ಅದನ್ನು ಅವರು ಕಣ್ಣಿನ ಹತ್ತಿರ ತಂದು ಓದಿದರು.

ಮೂರೂವರೆಗೆ ಹೊರಟರು. ಚೂರು ಬಿಟ್ಟು ಹೋದರು, ಕರವಸ್ತ್ರ ಮಡಚಿ ಜೇಬಿಗಿಟ್ಟುಕೊಂಡರು. ಇಳಿಜಾರಿನ ತಿರುವಿನ ತನಕ ಜೊತೆಗೆ ಹೋದೆ. ಆಪರೇಶನ್ ಆದ ಮೇಲೆ ಫೋನ್ ಮಾಡಿ ಎಂದೆ. ಮಾಡ್ತೀನಿ ಎಂದರು, ಇಲ್ಲ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಮಂಜು ಏರುತ್ತಿತ್ತು. ನಾಲ್ಕು ಹೆಜ್ಜೆಗೆ ಬೆನ್ನು ಮಬ್ಬಾಯಿತು, ಎಂಟು ಹೆಜ್ಜೆಗೆ ಎಲ್ಲಿ ಮುಗಿಯಿತೆಂದು ಹೇಳಲಾಗಲಿಲ್ಲ.

ಪ್ಲೇಟು ಕೋಣೆಗೆ ಬಂದು 2217ರ ಫೋಟೋ ತೆಗೆದೆ. ಎರಡು ಸಲ ತೆಗೆದೆ. ಹತ್ತಿಗೆ ಸ್ಪಿರಿಟ್ಟು ಹಾಕಿ ಉಂಗುರವನ್ನೂ ನನ್ನ ಓರೆ ಅಕ್ಷರವನ್ನೂ ಒರೆಸಿದೆ, ನಿಯಮ ನಿಯಮವೇ. ಮುಂದಿನ ಪ್ಲೇಟು 2218. ಮುಟ್ಟುವ ಮೊದಲು “ಪುಂತೆನ್” ಎಂದೆ. ಗೊರಗೊರ ಬರಲಿಲ್ಲ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗಾಜನ್ನು ದೀಪಕ್ಕೆ ಓರೆ ಹಿಡಿದೆ.